ಹೆಸರಿಲ್ಲದ ಮಳೆ: ಕಮಲಾಪುರದ ತರಗತಿಯಲ್ಲಿ ಸಮುದ್ರ ಮುನ್ಸೂಚನೆಯ ಪಾಠ

ವಿಷಯ: ವಿಜ್ಞಾನ
ತರಗತಿ: 7
ಘಟಕ: ಗಾಳಿ, ಬಿರುಗಾಳಿ ಮತ್ತು ಚಂಡಮಾರುತ
ಅವಧಿ: 40 ನಿಮಿಷಗಳ ಎರಡು ಅವಧಿಗಳು
ಬೋಧನೋಪಕರಣಗಳು: ಭಾರತದ ಭೂಪಟ, ಅಳತೆಪಟ್ಟಿ, ಬಣ್ಣದ ಕಾಗದದ ನಾಲ್ಕು ಚೀಟಿಗಳು, ನೇರ ಗೋಡೆಯ ಡಬ್ಬಿ

ಪಾಠದ ಅಗತ್ಯ

ಚಂಡಮಾರುತ ಎಂದೊಡನೆ ನಾವು ಸಾಮಾನ್ಯವಾಗಿ ಒಡಿಶಾ, ಆಂಧ್ರ ಕರಾವಳಿಯ ಉದಾಹರಣೆ ಕೊಡುತ್ತೇವೆ. ಕಮಲಾಪುರ ತಾಲ್ಲೂಕಿನ ಮಕ್ಕಳಿಗೆ ಅದು ಬೇರೆ ಯಾರದೋ ಕಥೆ. ಆದರೆ ಇಲ್ಲಿನ ತೊಗರಿ, ಸೋಯಾ, ಕೆಂಬಾಳೆಗೆ ಅಕ್ಟೋಬರ್‌ನಲ್ಲಿ ಬೀಳುವ ಭಾರಿ ಮಳೆ ಎಷ್ಟೋ ಸಲ ಬಂಗಾಳ ಕೊಲ್ಲಿಯಲ್ಲೇ ಹುಟ್ಟಿರುತ್ತದೆ. ಸಮುದ್ರದ ಮುನ್ಸೂಚನೆ ಮೀನುಗಾರರಿಗೆ ಮಾತ್ರವಲ್ಲ, ಒಳನಾಡಿನ ರೈತನಿಗೂ ಬೇಕು ಎಂಬುದೇ ಈ ಪಾಠದ ತಿರುಳು.

ಕಲಿಕಾ ಫಲಗಳು

1. ಗಾಳಿಯ ವೇಗದ ಆಧಾರದಲ್ಲಿ ವಾಯುಭಾರ ಕುಸಿತ ಮತ್ತು ಚಂಡಮಾರುತದ ವ್ಯತ್ಯಾಸ ಹೇಳುವರು.
2. ಗಾಳಿಯ ಎಚ್ಚರಿಕೆ ಬೇರೆ, ಮಳೆಯ ಎಚ್ಚರಿಕೆ ಬೇರೆ ಎಂದು ಗುರುತಿಸುವರು.
3. ಮುನ್ಸೂಚನೆ ಓದಿ ಮನೆ, ಹೊಲದಲ್ಲಿ ಏನು ಮಾಡಬೇಕೆಂದು ನಿರ್ಧರಿಸುವರು.

ಹಂತ 1: ತೊಡಗಿಸಿಕೊಳ್ಳುವಿಕೆ

2020ರ ಅಕ್ಟೋಬರ್ ಮಳೆಯ ಬಗ್ಗೆ ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹಿಂದಿನ ದಿನವೇ ಹೇಳಲಾಗಿತ್ತು. ಕೊಯ್ದಿಟ್ಟ ಸೋಯಾ ರಾಶಿ ನೆನೆದದ್ದು, ತೊಗರಿ ಹೊಲದಲ್ಲಿ ನೀರು ನಿಂತದ್ದು, ಭೀಮಾ ತೀರದ ಬೀಗರ ಊರಿಗೆ ನೀರು ನುಗ್ಗಿದ್ದು, ಹೀಗೆ ಮಾಹಿತಿ ಬಂತು. "ಆ ಮಳೆ ಎಲ್ಲಿಂದ ಬಂತು?" ಎಂಬ ಪ್ರಶ್ನೆಗೆ ಹೆಚ್ಚಿನವರ ಉತ್ತರ "ಮ್ಯಾಲಿಂದರಿ" ಎಂದಿತ್ತು. ಒಬ್ಬ ವಿದ್ಯಾರ್ಥಿ, "ನಮ್ಮ ಕಡಿ ಸಮುದ್ರ ಎಲ್ಲದರಿ ಟೀಚರ್?" ಎಂದು ಕೇಳಿದ. ಮುಂದಿನ ಹಂತಕ್ಕೆ ಇದೇ ಪ್ರಶ್ನೆ ದಾರಿಯಾಯಿತು.

ಹಂತ 2: ಭೂಪಟದಲ್ಲಿ ಅನ್ವೇಷಣೆ

ಕಲಬುರಗಿ ಮತ್ತು ಆಂಧ್ರದ ಕಾಕಿನಾಡ ಎರಡೂ ಹೆಚ್ಚುಕಡಿಮೆ 17 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿವೆ. ರೇಖಾಂಶದಲ್ಲಿ ಅವುಗಳ ಅಂತರ ಸುಮಾರು 5.4 ಡಿಗ್ರಿ. ಈ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 106 ಕಿ.ಮೀ. ಮಕ್ಕಳೇ ಗುಣಿಸಿ 572 ಕಿ.ಮೀ. ಎಂದು ಕಂಡುಕೊಂಡರು.

ಬಳಿಕ ಘಟನೆಯನ್ನು ವಿವರಿಸಲಾಯಿತು. 2020ರ ಅಕ್ಟೋಬರ್ 13ರ ಬೆಳಿಗ್ಗೆ ಬಂಗಾಳ ಕೊಲ್ಲಿಯ ತೀವ್ರ ವಾಯುಭಾರ ಕುಸಿತವೊಂದು ಕಾಕಿನಾಡ ಬಳಿ ದಡ ಸೇರಿತು. ಅದು ತೆಲಂಗಾಣ ದಾಟಿ ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ಕಡೆ ಸರಿಯುತ್ತಾ ದುರ್ಬಲಗೊಂಡಿತು. ಹೈದರಾಬಾದ್ ಜಲಾವೃತವಾಯಿತು. ನಮ್ಮ ಜಿಲ್ಲೆಯಲ್ಲಿ ಭಾರಿ ಮಳೆಯಾಯಿತು. ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರೂ ಸೇರಿ ಭೀಮಾ ನದಿ ಉಕ್ಕಿತು.

"ಗಂಟೆಗೆ 20 ಕಿ.ಮೀ. ವೇಗದಲ್ಲಿ ಸರಿದರೆ ಕಾಕಿನಾಡದಿಂದ ನಮ್ಮಲ್ಲಿಗೆ ಎಷ್ಟು ಹೊತ್ತು?" ಉತ್ತರ ಸುಮಾರು 28ರಿಂದ 29 ಗಂಟೆ. ಆದರೆ ಮಳೆ ಮೋಡಗಳು ಕೇಂದ್ರಕ್ಕಿಂತ ನೂರಾರು ಕಿ.ಮೀ. ಮುಂದೆಯೂ ಹರಡಿರುವುದರಿಂದ ನಮಗೆ ಸಿಗುವ ಸಮಯ ಇನ್ನೂ ಕಡಿಮೆ. ದಡ ಸೇರಿದ ಸುದ್ದಿ ಕೇಳಿದ ಮೇಲೆ ರಾಶಿ ಮುಚ್ಚಲು ಹೊರಟರೆ ತಡವಾಗಬಹುದು. ಅದಕ್ಕೂ ಮುಂಚಿನ ಸಮುದ್ರ ಮುನ್ಸೂಚನೆಯೇ ಕೆಲಸಕ್ಕೆ ಬರುವುದು.

ಹಂತ 3: ವಿವರಣೆ

ಸಮುದ್ರದ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದು ಉಳಿದ ಪರಿಸ್ಥಿತಿಗಳೂ ಕೂಡಿಬಂದರೆ ಚಂಡಮಾರುತ ಬೆಳೆಯುತ್ತದೆ. ಆವಿ ಮೇಲೇರಿ ಮೋಡವಾಗುವಾಗ ಶಾಖ ಬಿಡುಗಡೆಯಾಗುತ್ತದೆ. ಆ ಶಾಖದಿಂದ ಗಾಳಿ ಇನ್ನಷ್ಟು ಮೇಲೇರಿ ಕೆಳಗಿನ ಒತ್ತಡ ಕುಸಿಯುತ್ತದೆ. ಭಾರತ ಹವಾಮಾನ ಇಲಾಖೆ ಗಾಳಿಯ ವೇಗ ನೋಡಿ ಹೀಗೆ ವರ್ಗೀಕರಿಸುತ್ತದೆ.

ಕಪ್ಪುಹಲಗೆಯ ಬರಹ (ಗಂಟೆಗೆ ಕಿ.ಮೀ.)
ವಾಯುಭಾರ ಕುಸಿತ: 31–49
ತೀವ್ರ ವಾಯುಭಾರ ಕುಸಿತ: 50–61
ಚಂಡಮಾರುತ: 62–88

62 ತಲುಪಿದ ಮೇಲೆಯೇ ಹೆಸರು. 2020ರ ಜೂನ್‌ನ 'ನಿಸರ್ಗ', ನವೆಂಬರ್‌ನ 'ನಿವಾರ್' ಹೆಸರು ಪಡೆದವು. ನಡುವೆ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯನ್ನು ತೋಯಿಸಿದ್ದಕ್ಕೆ ಹೆಸರೇ ಇಲ್ಲ. ಹೆಸರು ಬರುವುದು ಗಾಳಿಯ ವೇಗದಿಂದ, ಮಳೆಯ ಪ್ರಮಾಣದಿಂದ ಅಲ್ಲ. ದಡ ಸೇರಿದ ಮೇಲೆ ನೆಲದ ಘರ್ಷಣೆಯಿಂದ, ಸಮುದ್ರದ ಆವಿ ತಪ್ಪುವುದರಿಂದ ಗಾಳಿ ಬೇಗ ಕುಗ್ಗುತ್ತದೆ. ಮೋಡದ ತೇವ ಅಷ್ಟು ಬೇಗ ಬರಿದಾಗುವುದಿಲ್ಲ. "ದುರ್ಬಲಗೊಂಡಿದೆ" ಎಂಬ ಸುದ್ದಿ ಕೇಳಿ ಮಳೆಯೂ ಕಡಿಮೆಯಾಯಿತು ಎಂದುಕೊಳ್ಳಬಾರದು.

ಮಳೆಗೆ ಬೇರೆಯೇ ಅಳತೆಯಿದೆ. 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 'ಭಾರಿ', 115.6ರಿಂದ 'ಅತಿ ಭಾರಿ', 204.5ರಿಂದ 'ಅತ್ಯಂತ ಭಾರಿ' ಮಳೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ಎಕರೆಗೆ ಸುಮಾರು 4,047 ಚದರ ಮೀಟರ್. ಹಾಗಾದರೆ 100 ಮಿ.ಮೀ. ಮಳೆ ಒಂದು ಎಕರೆಗೆ ಸುಮಾರು 4 ಲಕ್ಷ ಲೀಟರ್, ಅಂದರೆ 5,000 ಲೀಟರ್‌ನ 80 ಟ್ಯಾಂಕರ್. ಈ ಲೆಕ್ಕದ ನಂತರ ಮಿ.ಮೀ. ಎಂಬುದು ಮಕ್ಕಳಿಗೆ ಬರಿಯ ಅಂಕಿಯಾಗಿ ಉಳಿಯಲಿಲ್ಲ.

ಹಂತ 4: ವಿಸ್ತರಣೆ

ಮೀನುಗಾರರ ಮುನ್ಸೂಚನೆಯಲ್ಲಿ ಗಾಳಿಯ ದಿಕ್ಕು, ವೇಗ ಮತ್ತು ಅಲೆಯ ಎತ್ತರ ಇರುತ್ತವೆ. ಅಲೆ 2.5ರಿಂದ 4 ಮೀಟರ್ ಇದ್ದರೆ ಸಮುದ್ರ ಪ್ರಕ್ಷುಬ್ಧ ಎನ್ನುತ್ತಾರೆ. ನಮ್ಮ ಕೋಣೆಯ ಎತ್ತರಕ್ಕೆ ಹೋಲಿಸಿದಾಗ ಮಕ್ಕಳಿಗೆ ಅದರ ಅಂದಾಜು ಸಿಕ್ಕಿತು. ಇಂಥ ಅಲೆಗಳ ಮುನ್ಸೂಚನೆ ಕೊಡುವ ರಾಷ್ಟ್ರೀಯ ಸಂಸ್ಥೆ 'ಇನ್‌ಕಾಯಿಸ್' ಇರುವುದು ಕರಾವಳಿಯಲ್ಲಲ್ಲ, ನೆರೆಯ ಹೈದರಾಬಾದ್‌ನಲ್ಲಿ.

ನಂತರ ಹಸಿರು, ಹಳದಿ, ಕಿತ್ತಳೆ, ಕೆಂಪು ಚೀಟಿಗಳ ಚಟುವಟಿಕೆ. ಹಸಿರಿಗೆ ಎಚ್ಚರಿಕೆ ಇಲ್ಲ, ಹಳದಿಗೆ ಗಮನಿಸುತ್ತಿರಿ, ಕಿತ್ತಳೆಗೆ ಸಿದ್ಧರಾಗಿ, ಕೆಂಪಿಗೆ ಕೂಡಲೇ ಕ್ರಮ ಕೈಗೊಳ್ಳಿ. ಪ್ರತಿ ಗುಂಪು ತನ್ನ ಬಣ್ಣಕ್ಕೆ ತಕ್ಕ ಕೆಲಸ ಬರೆಯಿತು. ಕಿತ್ತಳೆ ಗುಂಪು "ರಾಶಿ ತಾಡಪಾಲಿನಿಂದ ಮುಚ್ಚುವುದು, ಹೊಲದ ಕಾಲುವೆ ತೆರೆಯುವುದು, ಔಷಧಿ ಹೊಡೆಯುವುದನ್ನು ಮುಂದೂಡುವುದು" ಎಂದು ಬರೆದರೆ, ಕೆಂಪು ಗುಂಪು ಎಲ್ಲಕ್ಕೂ ಮೊದಲು "ಹಳ್ಳ ದಾಟಬಾರದು" ಎಂದು ಬರೆಯಿತು.

ಹಂತ 5: ಮೌಲ್ಯಮಾಪನ

ಮಾದರಿ ಮುನ್ಸೂಚನೆ: "ವಾಯುಭಾರ ಕುಸಿತ ದುರ್ಬಲಗೊಳ್ಳಲಿದೆ. ಗಾಳಿ ಗಂಟೆಗೆ 40 ಕಿ.ಮೀ. ಒಳನಾಡಿನಲ್ಲಿ 130 ಮಿ.ಮೀ. ಮಳೆ ಸಾಧ್ಯತೆ."
1. ಇದಕ್ಕೆ ಹೆಸರಿಡುವರೇ? ಏಕೆ?
2. ಮಳೆ ಯಾವ ವರ್ಗದ್ದು?
3. ಅಪ್ಪ "ಗಾಳಿ ಕಡಿಮಿ ಅದ, ಏನಾಗಲ್ಲ" ಎಂದರೆ ನೀನು ಏನು ಹೇಳುವೆ?

ಮೂರನೆಯ ಪ್ರಶ್ನೆಯೇ ಮುಖ್ಯ. ವರ್ಗೀಕರಣ ಬಾಯಿಪಾಠ ಮಾಡಿದವರೂ ಮೊದಲೆರಡಕ್ಕೆ ಉತ್ತರಿಸಬಲ್ಲರು. ಮನೆಯವರಿಗೆ ಕಾರಣ ಸಹಿತ ವಿವರಿಸಬಲ್ಲವರು ಮಾತ್ರ ಪಾಠವನ್ನು ಅರ್ಥ ಮಾಡಿಕೊಂಡಿದ್ದಾರೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಈ ಪಾಠವನ್ನು ಸೆಪ್ಟೆಂಬರ್ ಕೊನೆಯೊಳಗೆ ಮಾಡುವುದು ಒಳ್ಳೆಯದು. ಕಲಿತದ್ದು ಅಕ್ಟೋಬರ್‌ನಲ್ಲೇ ಬಳಕೆಗೆ ಬರುತ್ತದೆ. ಡಬ್ಬಿಯನ್ನು ಶಾಲೆಯ ಅಂಗಳದಲ್ಲಿಟ್ಟು ಮಳೆ ಅಳೆಯಿಸಿ. 'ಮೇಘದೂತ' ಆ್ಯಪ್ ಅಥವಾ 'ವರುಣಮಿತ್ರ' ಸಹಾಯವಾಣಿಯ ಮುನ್ಸೂಚನೆಯನ್ನು ದಿನವೂ ಒಬ್ಬ ವಿದ್ಯಾರ್ಥಿ ಪ್ರಾರ್ಥನಾ ಸಭೆಯಲ್ಲಿ ಓದಲಿ, ಮರುದಿನ ಡಬ್ಬಿಯ ಅಳತೆಯೊಂದಿಗೆ ಹೋಲಿಸಲಿ. ಮುನ್ಸೂಚನೆ ಕೆಲವೊಮ್ಮೆ ತಪ್ಪುತ್ತದೆ ಎಂಬುದನ್ನೂ ಮಕ್ಕಳು ಹೀಗೆಯೇ ತಿಳಿಯಬೇಕು. ಎಷ್ಟು ಸಲ ಸರಿಯಾಯಿತು ಎಂದು ಎಣಿಸಿ ನೋಡಿದವರಿಗೆ ಅದನ್ನು ಎಷ್ಟು ನಂಬಬೇಕು ಎಂಬುದೂ ಗೊತ್ತಾಗುತ್ತದೆ.