ವಂಶಾವಳಿಯ ಪರೀಕ್ಷೆ

ಹೆಳವರು ಎತ್ತಿನೊಡನೆ ಮನೆಬಾಗಿಲಿಗೆ ಬಂದು ಪೂರ್ವಜರ ಹೆಸರುಗಳನ್ನು ಒಪ್ಪಿಸುವಾಗ ನಾವು ಭಕ್ತಿಯಿಂದ ಕೇಳುತ್ತೇವೆ. ವಿದ್ಯಾರ್ಥಿಗಳು ಅದರೊಡನೆ ಒಂದು ಪ್ರಶ್ನೆಯನ್ನೂ ಕೇಳಬೇಕು: ಈ ಮಾತನ್ನು ಮೊತ್ತಮೊದಲು ಹೇಳಿದವರು ಯಾರು, ಯಾವಾಗ?

ಅರಸುಮನೆತನಗಳೂ ಈ ಪ್ರಶ್ನೆಗೆ ಹೊರತಲ್ಲ. ಕಲ್ಯಾಣದ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕೌಥೆಂ ತಾಮ್ರಶಾಸನವು (ಕ್ರಿ. ಶ. ೧೦೦೯) ಆ ವಂಶದ ೫೯ ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಸಾರುತ್ತದೆ. ಆದರೆ ಅದೇ ವಂಶದ ಹಿರಿಯನೆನಿಸಿದ ಒಂದನೆಯ ಪುಲಕೇಶಿಯು ೫೪೩ರಲ್ಲಿ ಬಾದಾಮಿಯ ಬಂಡೆಯ ಮೇಲೆ ಬರೆಯಿಸಿದ ಶಾಸನದಲ್ಲಿ ಅಯೋಧ್ಯೆಯ ಸುದ್ದಿಯೇ ಇಲ್ಲ. ೬೩೪ರ ಐಹೊಳೆ ಶಾಸನದ ಕವಿ ರವಿಕೀರ್ತಿಯು ಹೊಗಳಿಕೆಯಲ್ಲಿ ಜಿಪುಣನಲ್ಲ; ಆತನೂ ಜಯಸಿಂಹನಿಂದಲೇ ಅರಸರ ಸಾಲನ್ನು ಆರಂಭಿಸುತ್ತಾನೆ. ಸಮೀಪದವರು ಹೇಳದ ಪೂರ್ವಜರು ನಾಲ್ಕು ಶತಮಾನಗಳ ತರುವಾಯ ಎಲ್ಲಿಂದ ಬಂದರು? ೯೭೩ರಲ್ಲಿ ರಾಷ್ಟ್ರಕೂಟರಿಂದ ರಾಜ್ಯವನ್ನು ಗೆದ್ದುಕೊಂಡ ತೈಲಪನ ಮನೆತನಕ್ಕೆ ಪುರಾತನವಾದ ಬೇರೊಂದು ಬೇಕಾಗಿತ್ತೆಂದು ತೋರುತ್ತದೆ. ಹಾಗೆಂದು ಶಾಸನವನ್ನೆಲ್ಲ ಸುಳ್ಳೆಂದು ತಳ್ಳಲಾಗದು. ತೈಲಪನ ಗೆಲುವನ್ನು ಬೇರೆ ಶಾಸನಗಳೂ ಹೇಳುತ್ತವೆ.

ಮನೆಯ ವಂಶಾವಳಿಯಲ್ಲಿಯೂ ಹೀಗೆಯೇ. ಮುತ್ತಜ್ಜನ ಹೆಸರನ್ನು ಹಳೆಯ ಜಮೀನಿನ ಕಾಗದಪತ್ರಗಳಲ್ಲಿ ಹುಡುಕಿರಿ. ತಲೆಮಾರೊಂದಕ್ಕೆ ೨೫–೩೦ ವರ್ಷಗಳಂತೆ ಎಣಿಸಿ, ಕಾಲವು ಕೂಡಿಬರುವುದೇ ನೋಡಿರಿ. ಒಂದೊಂದು ಹೆಸರಿನ ಮುಂದೆಯೂ ಅದು ಕಾಗದದಲ್ಲಿ ಕಂಡದ್ದೋ, ಬಾಯಿಂದ ಕೇಳಿದ್ದೋ ಎಂಬುದನ್ನು ಬರೆದಿಡಿರಿ.