ಉಸಿರು ಮತ್ತು ಒಡಲು

ಇಳಕಲ್ಲಿನ ಸೀರೆಯ ಹೆಸರನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಅದರ ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ನೇಕಾರರು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದನ್ನು ಜಗ್ಗಿದರೆ ಇನ್ನೊಂದಕ್ಕೂ ಅದರ ಸೆಳೆತ ತಾಗುತ್ತದೆ. ಮಾನವನ ಶರೀರರಚನೆಯೂ ಇಂತಹುದೇ. ಶ್ವಾಸಕೋಶ ಮತ್ತು ಕರುಳು ಬೇರೆ ಬೇರೆ ಅಂಗಗಳಾಗಿ ತೋರಿದರೂ ರಕ್ತನಾಳಗಳು ಮತ್ತು ನರಗಳು ಅವುಗಳನ್ನು ಒಂದಕ್ಕೊಂದು ಬೆಸೆದಿವೆ. ಈ ಸತ್ಯವನ್ನು ಕೊರೋನಾ ರೋಗವು ಕಠಿಣವಾಗಿಯೇ ಕಲಿಸಿತು.

2020ರ ಏಪ್ರಿಲ್ ತಿಂಗಳಿನಲ್ಲಿ ಬಾಗಲಕೋಟೆ ನಗರದಲ್ಲಿ ಈ ರೋಗಕ್ಕೆ ಮೊದಲ ಜೀವ ಬಲಿಯಾಯಿತು. ಮೇ ತಿಂಗಳಿನಲ್ಲಿ ಬಾದಾಮಿ ತಾಲ್ಲೂಕಿನ ಢಾಣಕಶಿರೂರ ಗ್ರಾಮದ ಹಲವರಲ್ಲಿ ರೋಗವು ಕಾಣಿಸಿಕೊಂಡಿತು. ಕೆಮ್ಮು, ಜ್ವರ ಮತ್ತು ಏದುಸಿರುಗಳೇ ಇದರ ಲಕ್ಷಣಗಳೆಂದು ಜನರು ಮೊದಲು ತಿಳಿದಿದ್ದರು. ಆದರೆ ಕೆಲವರಿಗೆ ಓಕರಿಕೆ, ವಾಂತಿ, ಭೇದಿ ಮತ್ತು ಹೊಟ್ಟೆನೋವುಗಳೂ ಬಂದವು, ಅನ್ನ ಸೇರದಾಯಿತು. ಕೆಲವು ರೋಗಿಗಳಲ್ಲಿ ಈ ಲಕ್ಷಣಗಳು ಕೆಮ್ಮಿಗಿಂತ ಮೊದಲೇ ತೋರಿದವು.

ಇದಕ್ಕೆ ಕಾರಣವೇನು? ಕೊರೋನಾ ವೈರಾಣುವಿನ ಮೈಮೇಲೆ ಮುಳ್ಳುಗಳಂತಹ ರಚನೆಗಳಿವೆ. ಅವು ಜೀವಕೋಶಗಳ ಮೇಲಿರುವ ‘ಏಸ್-2’ ಎಂಬ ಪ್ರೋಟೀನಿಗೆ ಅಂಟಿಕೊಂಡು ಒಳನುಗ್ಗುತ್ತವೆ. ಈ ಪ್ರೋಟೀನು ಮೂಗು ಮತ್ತು ಶ್ವಾಸಕೋಶಗಳಲ್ಲಷ್ಟೇ ಅಲ್ಲದೆ ಸಣ್ಣಕರುಳಿನ ಒಳಪದರದಲ್ಲಿಯೂ ಹೇರಳವಾಗಿದೆ. ಆದುದರಿಂದ ಉಸಿರಿನೊಡನೆ ಬಂದ ವೈರಾಣುವು ಒಡಲನ್ನೂ ಬಾಧಿಸಬಲ್ಲದು. ಬರಿಯ ಭೇದಿಯಾದವನು ಅದನ್ನು ಆಹಾರದ ದೋಷವೆಂದು ಬಗೆದು ಎಲ್ಲರೊಡನೆ ಬೆರೆತರೆ, ಅರಿವಿಲ್ಲದೆಯೇ ಮನೆಯ ಹಿರಿಯರಿಗೆ ರೋಗವನ್ನು ಅಂಟಿಸುವ ಸಂಭವವಿತ್ತು.

ಜ್ವರ ಇಳಿದೊಡನೆ ರೋಗ ಮುಗಿಯಿತೆಂದು ಹೇಳಲಾಗದು. ಸೋಂಕು ತಗುಲಿದ ಮೂರು ತಿಂಗಳ ಅನಂತರವೂ ಕೆಲವರಲ್ಲಿ ಉಳಿಯುವ ಬಾಧೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರತ್ಯೇಕ ವ್ಯಾಖ್ಯೆಯನ್ನೇ ನೀಡಿತು. ಆಯಾಸ, ಏದುಸಿರು, ಮರೆವುಗಳಲ್ಲದೆ ಅಜೀರ್ಣ, ಹೊಟ್ಟೆಯುಬ್ಬರಗಳೂ ತಿಂಗಳುಗಟ್ಟಲೆ ಕಾಡಬಹುದು. ಹುನಗುಂದದ ಎರೆನೆಲದಲ್ಲಿ ದುಡಿಯುವ ರೈತನಿಗಾಗಲಿ, ಕುಣಿಮಗ್ಗದಲ್ಲಿ ಕುಳಿತು ದಿನವಿಡೀ ಲಾಳಿ ಎಸೆಯುವ ನೇಕಾರನಿಗಾಗಲಿ ಮೈಯ ಕಸುವೇ ಬಂಡವಾಳ. ಅದು ಕುಂದಿದಾಗ ಹೊರಗೆ ಗಾಯ ಕಾಣುವುದಿಲ್ಲ. ನೋಡಿದವರು ಸೋಮಾರಿಯೆಂದು ಜರೆಯುತ್ತಾರೆ. ರೋಗಕ್ಕಿಂತ ಆ ಮಾತು ಹೆಚ್ಚು ನೋಯಿಸುತ್ತದೆ.

ಭೇದಿಯಾದಾಗ ದೇಹವು ನೀರನ್ನೂ ಲವಣಗಳನ್ನೂ ಕಳೆದುಕೊಳ್ಳುತ್ತದೆ. ಕುದಿಸಿ ಆರಿಸಿದ 1 ಲೀಟರ್ ನೀರಿನಲ್ಲಿ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಗಂಜಿ, ಮಜ್ಜಿಗೆಗಳೂ ಹಿತಕರ. ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಇಲ್ಲವೆ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಚೇತರಿಸಿಕೊಂಡವರು ದುಡಿಮೆಗೆ ಮೆಲ್ಲಮೆಲ್ಲನೆ ಮರಳಬೇಕು. ಔಷಧವನ್ನು ವೈದ್ಯರು ಕೊಡಬಲ್ಲರು; ಬಳಲಿದವನ ಮಾತನ್ನು ನಂಬಿ ಅವನಿಗೆ ಬಿಡುವು ಕೊಡುವುದು ಮನೆಯವರ ಮತ್ತು ನೆರೆಹೊರೆಯವರ ಕರ್ತವ್ಯ.