ತರಕಾರಿ ಸಾಗಣೆಗೆ ಸೌರಶಕ್ತಿಯ ತಂಪು ವಾಹನ

ಕೊಯ್ದ ಮೇಲೂ ತರಕಾರಿ ಉಸಿರಾಡುತ್ತಿರುತ್ತದೆ. ಉಷ್ಣತೆ 10 ಡಿಗ್ರಿ ಸೆ. ಏರಿದರೆ ಉಸಿರಾಟದ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಕಾಯಿ ಬಾಡಿ ತೂಕವೂ ಬೆಲೆಯೂ ಇಳಿಯುತ್ತವೆ. ಹೀಗಾಗಿ ಚಾವಣಿಯ ಮೇಲೆ ಸೌರಫಲಕ ಹೊತ್ತ ತಂಪು ವಾಹನದತ್ತ ರೈತರ ಗಮನ ಹರಿಯುವುದು ಸಹಜ. ಆದರೆ ಸಾಲ ಮಾಡಿ ಕೊಳ್ಳುವ ಮೊದಲು ಒಂದು ಸರಳ ಲೆಕ್ಕ ಹಾಕುವುದು ಲೇಸು.

ಸಿಗುವುದೆಷ್ಟು?

ಸಣ್ಣ ಸರಕು ವಾಹನದ ಚಾವಣಿಯಲ್ಲಿ ಸುಮಾರು 3 ಚದರ ಮೀಟರ್ ಫಲಕ ಹಿಡಿಸುತ್ತದೆ. ಅದರ ಗರಿಷ್ಠ ಸಾಮರ್ಥ್ಯ ಸುಮಾರು 600 ವ್ಯಾಟ್. ಧೂಳು, ಕಾವು, ನೆರಳಿನ ನಷ್ಟ ಕಳೆದರೆ ಒಳ್ಳೆಯ ಬಿಸಿಲಿನ ದಿನ 2ರಿಂದ 2.5 ಯೂನಿಟ್ ವಿದ್ಯುತ್ ದೊರೆಯಬಹುದು. 1 ಯೂನಿಟ್ ವಿದ್ಯುತ್ತಿನಿಂದ ಯಂತ್ರವು ಸುಮಾರು 2 ಯೂನಿಟ್ ಶಾಖ ಹೊರಹಾಕುತ್ತದೆಂದು ಹಿಡಿದರೆ, ಇಡೀ ದಿನಕ್ಕೆ ಹೆಚ್ಚೆಂದರೆ 5 ಯೂನಿಟ್ ಶಾಖ.

ಬೇಕಾಗುವುದೆಷ್ಟು?

ಚಿಕ್ಕಬಳ್ಳಾಪುರದಿಂದ ಚೆನ್ನೈಗೆ 500 ಕಿ.ಗ್ರಾಂ ಬೀನ್ಸ್ ಕಳುಹಿಸಬೇಕೆನ್ನೋಣ. ಮಧ್ಯಾಹ್ನ ಕೊಯ್ದ 30 ಡಿಗ್ರಿಯ ಕಾಯಿಯನ್ನು 10 ಡಿಗ್ರಿಗೆ ಇಳಿಸಲು ಸುಮಾರು 11 ಯೂನಿಟ್ ಶಾಖ ತೆಗೆಯಬೇಕು. ಮುಂಜಾನೆ 20 ಡಿಗ್ರಿಯಲ್ಲಿ ಕೊಯ್ದರೆ ಇದು ಅರ್ಧಕ್ಕಿಳಿಯುತ್ತದೆ. ಆಗಲೂ ಚಾವಣಿಯ ಶಕ್ತಿ ಸಾಲದು. ಗೋಡೆ, ಬಾಗಿಲುಗಳಿಂದ ಒಳಬರುವ ಶಾಖವನ್ನೂ ಅದೇ ತೆಗೆಯಬೇಕಲ್ಲ! ಆದ್ದರಿಂದ ಸೌರಫಲಕವು ತಂಪನ್ನು ಕಾಯಬಲ್ಲದೇ ಹೊರತು, ಬಿಸಿ ಮಾಲನ್ನು ದಾರಿಯಲ್ಲಿ ತಣಿಸಲಾರದು.

ಅನುಸರಿಸಬೇಕಾದ ಕ್ರಮಗಳು

1. ಮುಂಜಾನೆ ಕೊಯ್ದು, ಕೂಡಲೇ ನೆರಳಿಗೆ ಸಾಗಿಸಿರಿ.

2. ಶೀತಲ ಕೋಣೆಯಲ್ಲಿ ಮೊದಲೇ ತಣಿಸಿ, ನಂತರ ವಾಹನಕ್ಕೆ ತುಂಬಿರಿ.

3. ವಾಹನದ ಪೆಟ್ಟಿಗೆಗೆ ದಪ್ಪ ಫೋಮ್ ಹೊದಿಕೆಯೂ ಬಾಗಿಲಿಗೆ ಸಂದಿಲ್ಲದ ರಬ್ಬರ್ ಪಟ್ಟಿಯೂ ಇರಲಿ.

4. ಉಪ್ಪಿನ ದ್ರಾವಣ ತುಂಬಿದ ತಂಪು ಫಲಕಗಳನ್ನು ರಾತ್ರಿ ಮನೆಯ ವಿದ್ಯುತ್ತಿನಿಂದ ಹೆಪ್ಪುಗಟ್ಟಿಸಿ ಇಟ್ಟರೆ, ಮೋಡದ ದಿನವೂ ರಾತ್ರಿ ಪ್ರಯಾಣದಲ್ಲೂ ನೆರವಾಗುತ್ತವೆ. ಕಾಯಿ ಅವಕ್ಕೆ ನೇರವಾಗಿ ತಾಗಬಾರದು.

5. ಸೌರಫಲಕ ಮತ್ತು ಚಾವಣಿಯ ನಡುವೆ ಗಾಳಿಯಾಡಲು ಅಂತರ ಬಿಡಿಸಿರಿ. ಫಲಕದ ಧೂಳನ್ನು ಆಗಾಗ ಒರೆಸಿರಿ.

6. ಎಲ್ಲ ತರಕಾರಿಗೂ ಒಂದೇ ತಂಪು ಸಲ್ಲದು. ಬೀನ್ಸ್‌ಗೆ 5–7 ಡಿಗ್ರಿ ಸಾಕು. ಬಲಿತ ಹಸಿರು ಟೊಮ್ಯಾಟೊ 10 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇದ್ದರೆ ಸರಿಯಾಗಿ ಹಣ್ಣಾಗದು.

ಬೆಳಗಾಗುವಷ್ಟರಲ್ಲಿ ತಲುಪುವ ಹತ್ತಿರದ ಮಾರುಕಟ್ಟೆಗೆ ಇಂಥ ವಾಹನದ ಅಗತ್ಯವಿಲ್ಲ. ನೆರಳು, ಗಾಳಿಯಾಡುವ ಕ್ರೇಟು, ಒದ್ದೆ ಗೋಣಿ ಸಾಕು. ದೂರದ ಮಾರುಕಟ್ಟೆಗೆ ಕಳುಹಿಸುವವರು ಒಬ್ಬೊಬ್ಬರೇ ಕೊಳ್ಳುವ ಬದಲು, ನಾಲ್ಕಾರು ಜನ ಕೂಡಿ ಮೊದಲು ಊರಿನಲ್ಲಿ ಒಂದು ಶೀತಲ ಕೋಣೆ ಕಟ್ಟಿಸಿಕೊಳ್ಳುವುದು ಉತ್ತಮ. ವಾಹನದ ಮಾತು ಆಮೇಲೆ.